ಒಂದು ಚುಕ್ಕಿ ಅಂದ್ರ ಒಂದು ಗುಂಟೆ!

ಶೇಡಬಾಳ: ಕೃಷ್ಣಾ ನದಿಗೆ ಮಹಾಪೂರ ಬಂದಾಗ ಎಷ್ಟು ಎಕರೆ ಮುಳುಗಿತು? ಈ ಪ್ರಶ್ನೆಗೆ ತಲಾಠಿಯವರು ಒಂದು ಲೆಕ್ಕ ಹೇಳುತ್ತಾರೆ, ರೈತ ಇನ್ನೊಂದು ಹೇಳುತ್ತಾನೆ. ಮೂರನೆಯ ಲೆಕ್ಕ ಆಕಾಶದಿಂದ ಬರುತ್ತದೆ, ಉಪಗ್ರಹ ತೆಗೆದ ಚಿತ್ರದಿಂದ. ಆ ಮೂರನೆಯ ಲೆಕ್ಕ ಮಾಡುವ ವಿದ್ಯೆಯನ್ನು ಈ ಭಾಗದ ಹುಡುಗ ಹುಡುಗಿಯರು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ವಾರಕ್ಕೊಮ್ಮೆ ಕಲಿಯುತ್ತಿದ್ದಾರೆ. ತಾವು ಕಲಿಯುತ್ತಿರುವುದು ಅದೇ ವಿದ್ಯೆ ಅಂತ ಅವರಿಗೆ ಬಿಡಿಸಿ ಹೇಳಿದವರು ಮಾತ್ರ ಕಡಿಮೆ!

ಶೇಡಬಾಳ ಅಂದ ಕೂಡಲೇ ಹಳಬರಿಗೆ ನೆನಪಾಗುವುದು ಶಾಂತಿಸಾಗರ ಆಶ್ರಮ, 1925ರಲ್ಲಿ ಇದೇ ಊರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು, ಮತ್ತು ಮಿರಜದಿಂದ ಲೋಂಡಾ ಕಡೆ ಹೋಗುವ ರೈಲು. ಮೊದಲು ಅಥಣಿ ತಾಲೂಕು, ಈಗ ಕಾಗವಾಡ ತಾಲೂಕು. ಬೆಳೆ ಕೇಳಿದರೆ ಕಬ್ಬು. ಓದುವ ಮಕ್ಕಳಿಗೆ ದಾರಿ ಎರಡು. ರೈಲು ಹತ್ತಿ ಮಿರಜ ದಾಟಿದರೆ ಸಾಂಗಲಿ, ಅಲ್ಲಿ 1947ರಷ್ಟು ಹಳೆಯದಾದ ವಾಲಚಂದ ಕಾಲೇಜು. ಈ ಕಡೆ ತಿರುಗಿದರೆ ಚಿಕ್ಕೋಡಿ, ನಿಪ್ಪಾಣಿ, ಬೆಳಗಾವಿ. ಎತ್ತ ಹೋದರೂ ಕಂಪ್ಯೂಟರ್ ವಿಭಾಗ ಸೇರಿದವರ ಚೀಲದಲ್ಲಿ ಒಂದಿಲ್ಲೊಂದು ದಿನ ಒಂದು ದಪ್ಪ ರೆಕಾರ್ಡ್ ಪುಸ್ತಕ ಬಂದು ಕೂರುತ್ತದೆ. ಮೇಲೆ 'ಇಮೇಜ್ ಪ್ರೊಸೆಸಿಂಗ್ ಲ್ಯಾಬ್' ಅಂತ ಬರೆದಿರುತ್ತದೆ.

'ಏನದು? ಫೋಟೋ ತೊಳಿಯೋದೇನು?' ಅಂತ ಮನೆಯ ಹಿರಿಯರು ಕೇಳಿದರೆ ತಪ್ಪಿಲ್ಲ. ಹಿಂದೆ ಸ್ಟುಡಿಯೋದವರು ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಹಿಡಿದು ಮದುಮಗಳ ಮೊಡವೆ ಮುಚ್ಚುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಈಗ ಪೆನ್ಸಿಲ್ ಬದಲು ಅಂಕಿ.

ಚಿತ್ರ ಅಂದ್ರ ಬರೀ ಅಂಕಿ

ಕಂಪ್ಯೂಟರಿಗೆ ಕಣ್ಣಿಲ್ಲ. ಅದರ ಪಾಲಿಗೆ ಫೋಟೋ ಅಂದರೆ ಸಾಲು ಸಾಲಾಗಿ ಬರೆದಿಟ್ಟ ಅಂಕಿಗಳು. ಪೂರ್ತಿ ಕಪ್ಪು ಇದ್ದರೆ 0, ಪೂರ್ತಿ ಬಿಳಿ ಇದ್ದರೆ 255, ನಡುವಿನದೆಲ್ಲ ಬೂದು ಬಣ್ಣದ ಮೆಟ್ಟಿಲು. ಒಂದೊಂದು ಅಂಕಿಯೂ ಒಂದೊಂದು ಚುಕ್ಕಿ. ಇದನ್ನೇ ಪಿಕ್ಸೆಲ್ ಅನ್ನುತ್ತಾರೆ.

ಹೀಗೆ ಫೋಟೋವನ್ನು ಮೊದಲು ಅಂಕಿ ಮಾಡಿದವನು ಅಮೆರಿಕದ ರಸೆಲ್ ಕಿರ್ಷ್. 1957ರಲ್ಲಿ. ಯಾರ ಫೋಟೋ ಇಟ್ಟ ಗೊತ್ತೇ? ಅಧ್ಯಕ್ಷನದ್ದಲ್ಲ, ಸಿನಿಮಾ ನಟಿಯದ್ದೂ ಅಲ್ಲ. ತನ್ನ ಮೂರು ತಿಂಗಳ ಕೂಸಿನದು! ಅಡ್ಡ 176, ಉದ್ದ 176 ಚುಕ್ಕಿ. ಗುಣಿಸಿದರೆ 30,976. ಈಗಿನ ಮೊಬೈಲಿನ ಒಂದು ಫೋಟೋದಲ್ಲಿ ಇದರ ನೂರಾರು ಪಟ್ಟು ಚುಕ್ಕಿ ಇರುತ್ತವೆ. ಆದರೆ ಮನೆಯ ಕೂಸಿನ ಫೋಟೋದಿಂದ ಶುರುವಾದ ವಿದ್ಯೆ ಇದು ಅನ್ನುವುದನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಬೆಳಗಾವಿಯಲ್ಲೇ ಕಚೇರಿ ಇರುವ, 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ 2021ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ವಿಭಾಗದ 6ನೇ ಸೆಮಿಸ್ಟರಿಗೆ ಈ ಲ್ಯಾಬ್ ಇಟ್ಟಿತು. ಒಟ್ಟು 12 ಪ್ರಯೋಗ. ಮೊದಲ ಆರು ಗೆರೆ ಎಳೆಯುವ, ಆಕಾರ ತಿರುಗಿಸುವ ಗ್ರಾಫಿಕ್ಸ್. ಉಳಿದ ಆರು ಚಿತ್ರದ ಕೆಲಸ. ಚಿತ್ರವನ್ನು ನಾಲ್ಕು ಭಾಗ ಮಾಡು, ತಿರುಗಿಸು, ಹಿಗ್ಗಿಸು, ಜರುಗಿಸು, ಅಂಚು ಹುಡುಕು, ಮಸುಕು ಮಾಡಿ ನುಣುಪು ಮಾಡು, ಆಕಾರದ ಸುತ್ತ ಗೆರೆ ಹಾಕು, ಕೊನೆಗೆ ಚಿತ್ರದಲ್ಲಿ ಮನುಷ್ಯರ ಮುಖ ಎಲ್ಲಿದೆ ಕಂಡುಹಿಡಿ. ಪೈಥಾನ್ ಎಂಬ ಭಾಷೆ, ಓಪನ್‌ಸಿವಿ ಎಂಬ ಸಲಕರಣೆ. ಎರಡಕ್ಕೂ ಒಂದು ಪೈಸೆ ಕೊಡಬೇಕಿಲ್ಲ, ಸಾಧಾರಣ ಕಂಪ್ಯೂಟರ್ ಇದ್ದರೆ ಸಾಕು.

ನಾಲ್ಕು ಭಾಗ ಮಾಡುವ ಪ್ರಯೋಗದಲ್ಲೇ ಒಂದು ತಮಾಷೆ ಇದೆ. ನಾಲ್ಕು ಭಾಗ ಮಾಡಿ ಮೇಲೆ, ಕೆಳಗೆ, ಬಲ, ಎಡ ತೋರಿಸಿ ಎಂದು ಪಠ್ಯಕ್ರಮ ಹೇಳುತ್ತದೆ. ರೊಟ್ಟಿಯನ್ನು ನಾಲ್ಕು ತುಂಡು ಮಾಡಿದರೆ ಸಿಗುವುದು ನಾಲ್ಕು ಮೂಲೆ. ಮೇಲೆ ಕೆಳಗೆ ಅಂದರೆ ಅರ್ಧರ್ಧ. ಯಾವುದು ಸರಿ? ಹುಡುಗರು ಹಿಂದಿನ ವರ್ಷದವರು ಏನು ಮಾಡಿದ್ದರೋ ಅದನ್ನೇ ಮಾಡಿ ಮುಗಿಸುತ್ತಾರೆ.

ಅಲ್ಲೇ ಇರುವುದು ರೋಗ. ರೆಕಾರ್ಡ್ ಅನ್ನುವುದು ಹಿರಿಯರಿಂದ ಕಿರಿಯರಿಗೆ ಬರುವ ಆಸ್ತಿ! ಅದೇ ಪ್ರೋಗ್ರಾಂ, ಅದೇ ಔಟ್‌ಪುಟ್, ಅದೇ ಚಿತ್ರ. ಟೈಪ್ ಮಾಡಿ, ಪ್ರಿಂಟ್ ತೆಗೆದು, ಅಂಟಿಸಿ, ಸಹಿ ಹಾಕಿಸಿಕೊಂಡರೆ ಕೆಲಸ ಆಯಿತು. ವೈವಾದಲ್ಲಿ 'ಈ 3 ಅಂಕಿ ಯಾಕೆ ಹಾಕಿದಿ?' ಅಂತ ಕೇಳಿದರೆ ನೆಲ ನೋಡುವುದು.

ಆ ಚಿತ್ರದ ಕಥೆಯನ್ನೂ ಹೇಳಬೇಕು. 1973ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬಿನವರಿಗೆ ಅವಸರಕ್ಕೆ ಒಂದು ಒಳ್ಳೆಯ ಫೋಟೋ ಬೇಕಾಯಿತು. ಕೈಗೆ ಸಿಕ್ಕಿದ್ದು 1972ರ ನವೆಂಬರ್ ತಿಂಗಳ ಪ್ಲೇಬಾಯ್ ಪತ್ರಿಕೆ! ಅದರಲ್ಲಿದ್ದ ಹ್ಯಾಟು ಹಾಕಿದ ಹೆಣ್ಣುಮಗಳ ಚಿತ್ರದ ಭುಜದ ಮೇಲಿನ ಭಾಗವನ್ನು 512ಕ್ಕೆ 512 ಚುಕ್ಕಿಗಳಲ್ಲಿ ಅಂಕಿ ಮಾಡಿದರು. 'ಲೆನಾ' ಎಂಬ ಹೆಸರಿನಲ್ಲಿ ಅದು ಜಗತ್ತಿನ ಎಲ್ಲ ಪಠ್ಯಪುಸ್ತಕ ಹೊಕ್ಕಿತು. ಐವತ್ತು ವರ್ಷ ಹುಡುಗರು ಅದೇ ಚಿತ್ರವನ್ನು ತಿರುಗಿಸಿ, ಮಸುಕು ಮಾಡಿ, ಕತ್ತರಿಸಿ ಪಾಸಾದರು. ಕೊನೆಗೆ 2024ರ ಏಪ್ರಿಲ್ 1ರಿಂದ ಅಮೆರಿಕದ ಐಇಇಇ ಕಂಪ್ಯೂಟರ್ ಸೊಸೈಟಿ ತನ್ನ ಪತ್ರಿಕೆಗಳಲ್ಲಿ ಆ ಚಿತ್ರ ಬೇಡ ಎಂದಿತು.

ಬೆಳಗಾವಿಯ ಪಠ್ಯಕ್ರಮದಲ್ಲಿ ಮಾತ್ರ ಯಾವ ಚಿತ್ರ ಹಾಕಬೇಕು ಎಂದು ಬರೆದಿಲ್ಲ. 'ಒಂದು ಡಿಜಿಟಲ್ ಚಿತ್ರ ಓದು' ಅಷ್ಟೇ. ಯಾವುದಾದರೂ ಆದೀತು. ಅಂದರೆ ಬಾಗಿಲು ತೆರೆದೇ ಇದೆ, ಒಳಗೆ ಹೋಗುವವರು ಬೇಕು.

ಒಂಬತ್ತು ಮಂದಿ, ಒಬ್ಬ ಬಡಾಯಿ

ಸ್ವಂತ ಚಿತ್ರ ಹಾಕಿದ ಕೂಡಲೇ ಏನಾಗುತ್ತದೆ ನೋಡಿ. ಮನೆಯಲ್ಲಿ ಅರಿಷಿಣ ಹಚ್ಚಿದ ಮದುವೆ ಫೋಟೋ ಇದೆ ಅನ್ನಿ. ಓಪನ್‌ಸಿವಿಯಿಂದ ಓದಿ ಇನ್ನೊಂದು ಸಲಕರಣೆಯಲ್ಲಿ ತೋರಿಸಿದರೆ ಅರಿಷಿಣ ಆಕಾಶದ ಬಣ್ಣ ಆಗಿರುತ್ತದೆ, ಕುಂಕುಮ ಕಡುನೀಲಿ! ಕಾರಣ ಇಷ್ಟೇ. ಎಲ್ಲರೂ ಕೆಂಪು, ಹಸಿರು, ನೀಲಿ ಅಂತ ಬಣ್ಣ ಎಣಿಸಿದರೆ ಓಪನ್‌ಸಿವಿ ನೀಲಿ, ಹಸಿರು, ಕೆಂಪು ಅಂತ ಉಲ್ಟಾ ಎಣಿಸುತ್ತದೆ. ಪರದೇಶದ ಯಾವುದೋ ಕಟ್ಟಡದ ಚಿತ್ರವಾಗಿದ್ದರೆ ಗೋಡೆಯ ಬಣ್ಣ ಹಾಗೇ ಇದ್ದೀತು ಅಂತ ಬಿಟ್ಟುಬಿಡುತ್ತಿದ್ದರು. ಅಕ್ಕನ ಹಣೆಯ ಕುಂಕುಮ ನೀಲಿ ಆದರೆ ಯಾರು ಬಿಡುತ್ತಾರೆ? ತಪ್ಪು ಹುಡುಕಿಯೇ ತೀರಬೇಕು.

ಮಸುಕು ಮಾಡುವ ಪ್ರಯೋಗವೂ ಹಾಗೇ. ಪುಸ್ತಕದಲ್ಲಿ ಸರಾಸರಿ ಫಿಲ್ಟರ್, ಮೀಡಿಯನ್ ಫಿಲ್ಟರ್ ಅಂತ ಎರಡು ಹೆಸರು. ಇದನ್ನು ಶೇಡಬಾಳದ ಕಟ್ಟೆಯ ಮೇಲೆ ಕೂತು ತಿಳಿದುಕೊಳ್ಳಬಹುದು. ಒಂಬತ್ತು ಮಂದಿ ರೈತರನ್ನು ಎಕರೆಗೆ ಎಷ್ಟು ಟನ್ ಕಬ್ಬು ಬಂತು ಅಂತ ಕೇಳಿ. 52, 54, 50, 53, 51, 55, 52, 53 ಅಂತ ಎಂಟು ಮಂದಿ ಹೇಳಿದರು. ಒಂಬತ್ತನೆಯವನು ಮೀಸೆ ತಿರುವಿ 255 ಅಂದ! ಕೂಡಿಸಿದರೆ 675. ಒಂಬತ್ತರಿಂದ ಭಾಗಿಸಿದರೆ 75. ಯಾರ ಹೊಲದಲ್ಲೂ ಬಾರದ ಬೆಳೆ ಇದು. ಸರಾಸರಿ ಅಂದರೆ ಹೀಗೆ, ಒಬ್ಬನ ಬಡಾಯಿಯನ್ನು ಎಲ್ಲರ ತಲೆಗೆ ಕಟ್ಟುತ್ತದೆ.

ಅದರ ಬದಲು ಒಂಬತ್ತೂ ಮಂದಿಯನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ಐದನೆಯವನನ್ನು ಮಾತ್ರ ಕೇಳಿ. 53. ಬಡಾಯಿಯವನು ಸಾಲಿನ ಕೊನೆಯಲ್ಲಿ ನಿಂತೇ ಇರುತ್ತಾನೆ, ಅವನ ಮಾತು ನಡೆಯುವುದಿಲ್ಲ. ಮೀಡಿಯನ್ ಫಿಲ್ಟರ್ ಅಂದರೆ ಇಷ್ಟೇನೇ. ಚಿತ್ರದ ಒಂದೊಂದು ಚುಕ್ಕಿಗೂ ತನ್ನನ್ನೂ ಸೇರಿಸಿ ಸುತ್ತಲಿನ ಒಂಬತ್ತು ಅಂಕಿ ಸಾಲಿಗೆ ನಿಲ್ಲಿಸಿ ನಡುವಿನದನ್ನು ಇಟ್ಟುಕೊಳ್ಳುವುದು. ವೈವಾದ 3 ಅಂಕಿಯ ಉತ್ತರವೂ ಇದೇ, ಮೂರಕ್ಕೆ ಮೂರರ ಮನೆ.

ಮುಖ ಹುಡುಕುವ ಪ್ರಯೋಗದ ಬಗ್ಗೆ ಜಾಸ್ತಿ ಹೇಳುವುದು ಬೇಡ. 2001ರಲ್ಲಿ ವಯೋಲಾ ಮತ್ತು ಜೋನ್ಸ್ ಎಂಬಿಬ್ಬರು ಮಾಡಿದ ವಿಧಾನ, ಕಣ್ಣಿನ ಜಾಗ ಕಪ್ಪು, ಕೆನ್ನೆ ಬೆಳಕು ಎಂಬ ಗುರುತಿನ ಮೇಲೆ ನಡೆಯುತ್ತದೆ. ತಯಾರಾದ ಫೈಲ್ ಓಪನ್‌ಸಿವಿಯಲ್ಲೇ ಸಿಗುತ್ತದೆ. ಊರ ಜಾತ್ರೆಯ ಫೋಟೋ ಹಾಕಿ ನೋಡಿದರೆ ತಲೆ ಓರೆ ಮಾಡಿದವರು, ಪಕ್ಕಕ್ಕೆ ತಿರುಗಿದವರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಯಾರು ಬಿಟ್ಟುಹೋದರು ಅಂತ ಹೆಸರು ಹಿಡಿದು ಹೇಳಬಲ್ಲವನು ಊರಿನ ಹುಡುಗ ಮಾತ್ರ.

ಮಹಾಪೂರದ ಲೆಕ್ಕ

ಈಗ ಮುಖ್ಯ ಮಾತಿಗೆ ಬರೋಣ. ಶೇಡಬಾಳ ನದಿಯ ದಂಡೆಗೇ ಹತ್ತಿದ ಊರಲ್ಲ. ಆದರೆ ಇದೇ ತಾಲೂಕಿನ ಜುಗೂಳ, ಮಂಗಾವತಿ, ಶಹಾಪುರ ಕೃಷ್ಣೆಗೆ ಮಗ್ಗುಲಲ್ಲೇ ಕುಂತಾವ. 2005ರಲ್ಲಿ, 2019ರ ಆಗಸ್ಟಿನಲ್ಲಿ, ಮತ್ತೆ 2021ರಲ್ಲಿ ನೀರು ಏರಿದ್ದನ್ನು ಇಲ್ಲಿಯ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಮೇಲೆ ಕೊಯ್ನಾದಿಂದ ನೀರು ಬಿಟ್ಟರು ಅಂದ ಕೂಡಲೇ ರಾಜಾಪುರ ಬ್ಯಾರೇಜಿನ ಅಂಕಿ ಕೇಳುವುದು ಇಲ್ಲಿಯ ಮಳೆಗಾಲದ ಪದ್ಧತಿ.

ಅಂಥ ದಿನಗಳಲ್ಲಿ ಸಾದಾ ಉಪಗ್ರಹಕ್ಕೆ ಕಾಣುವುದು ಮೋಡ ಮಾತ್ರ. ರಾಡಾರ್ ಇರುವ ಉಪಗ್ರಹ ಬೇಕು. ಯುರೋಪಿನವರು 2014ರ ಏಪ್ರಿಲಿನಲ್ಲಿ ಹಾರಿಸಿದ ಸೆಂಟಿನೆಲ್-1 ಅಂಥದು. ತಾನೇ ಅಲೆ ಬಿಟ್ಟು ತಾನೇ ಹಿಂದಕ್ಕೆ ಹಿಡಿಯುತ್ತದೆ. ಮೋಡ, ಕತ್ತಲು ಯಾವುದೂ ಅಡ್ಡಿ ಇಲ್ಲ. ಅದರ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಶೇಡಬಾಳದ ಹುಡುಗನೂ.

ಅದರ ಒಂದು ಚುಕ್ಕಿ ಎಷ್ಟು ದೊಡ್ಡದು ಗೊತ್ತೇ? ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ನಮ್ಮ ಗುಂಟೆ 33 ಅಡಿಗೆ 33 ಅಡಿ, ಅಂದರೆ 101 ಚದರ ಮೀಟರ್ ಚಿಲ್ಲರೆ. ಚುಕ್ಕಿ 100 ಚದರ ಮೀಟರ್. ಹೆಚ್ಚು ಕಡಿಮೆ ಒಂದು ಚುಕ್ಕಿಗೆ ಒಂದು ಗುಂಟೆ! ನಲವತ್ತು ಚುಕ್ಕಿ ಎಣಿಸಿದರೆ ಒಂದು ಎಕರೆ. 1988ರ ಮಾರ್ಚಿನಲ್ಲಿ ಹಾರಿದ ನಮ್ಮ ದೇಶದ ಐಆರ್‌ಎಸ್-1ಎ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಚುಕ್ಕಿ 72.5 ಮೀಟರ್ ಇತ್ತು. ಅದರಲ್ಲಿ ಒಂದು ಚುಕ್ಕಿ ಅಂದರೆ ಒಂದು ಎಕರೆ ಹನ್ನೆರಡು ಗುಂಟೆ, ಸಣ್ಣ ಹಿಡುವಳಿ ಪೂರ್ತಿ ಒಂದೇ ಚುಕ್ಕಿಯೊಳಗೆ ಮುಚ್ಚಿಹೋಗುತ್ತಿತ್ತು. ಸೆಂಟಿನೆಲ್ಲಿನಲ್ಲೂ ಒಂದು ಮಾತು ಮರೆಯಬಾರದು. ಚುಕ್ಕಿ ಹತ್ತು ಮೀಟರಾದರೂ ಎರಡು ವಸ್ತು ಬೇರೆ ಬೇರೆ ಅಂತ ಅದಕ್ಕೆ ತಿಳಿಯುವುದು ಸುಮಾರು ಇಪ್ಪತ್ತು ಮೀಟರಿಗೆ. ಹೊಲದ ಬದು ಅದಕ್ಕೆ ಕಾಣುವುದಿಲ್ಲ.

ಈಗ ಶೇಡಬಾಳದ ಕಬ್ಬಿನ ಮನೆಯ ಹುಡುಗನೊಬ್ಬ 2019ರ ಜುಲೈ ತಿಂಗಳ ಒಂದು ಚಿತ್ರ, ಆಗಸ್ಟಿನ ಒಂದು ಚಿತ್ರ ಇಳಿಸಿಕೊಂಡು ತನ್ನ ಲ್ಯಾಬ್ ಪ್ರಯೋಗ ಮಾಡಲು ಕೂತ ಅಂತ ಇಟ್ಟುಕೊಳ್ಳಿ.

ಮೊದಲು ಕಾಣುವುದು ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು. ರಾಡಾರ್ ಚಿತ್ರದ ಹುಟ್ಟುಗುಣ ಅದು. ಸಾಲಿನ ಐದನೆಯವನನ್ನು ಕೇಳುವ ಫಿಲ್ಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಲೆನಾ ಚಿತ್ರದ ಮೇಲೆ ಬೇಕೆಂತಲೇ ಕಾಳು ಚೆಲ್ಲಿ ಮತ್ತೆ ಬಳಿದು ತೆಗೆಯುವುದಲ್ಲ, ಇಲ್ಲಿ ಕಾಳು ನಿಜ.

ಆಮೇಲೆ ನೀರು ಯಾವುದು, ನೆಲ ಯಾವುದು? ನಿಂತ ನೀರು ಕನ್ನಡಿ ಇದ್ದ ಹಾಗೆ. ಉಪಗ್ರಹ ಓರೆಯಾಗಿ ಬಿಟ್ಟ ಅಲೆ ಅತ್ತ ಕಡೆ ಜಾರಿಹೋಗುತ್ತದೆ, ಹಿಂದಿರುಗುವುದಿಲ್ಲ. ಆದ್ದರಿಂದ ನೀರು ಕಪ್ಪು. ಒರಟು ನೆಲ, ಬೆಳೆ, ಮನೆ ಬೆಳಕು. ಎಷ್ಟು ಅಂಕಿಗಿಂತ ಕಡಿಮೆ ಇದ್ದರೆ ನೀರು ಅನ್ನಬೇಕು? ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಇದಕ್ಕೊಂದು ಉಪಾಯ ಬರೆದ. ಅಂಕಿಗಳನ್ನು ಎರಡು ಗುಂಪು ಮಾಡು, ಗುಂಪುಗಳ ನಡುವೆ ಅಂತರ ಅತಿ ಹೆಚ್ಚಾಗುವ ಜಾಗದಲ್ಲಿ ಗೆರೆ ಎಳೆ. ಕಂಪ್ಯೂಟರ್ ತಾನೇ ಗೆರೆ ಹುಡುಕುತ್ತದೆ.

ಹುಡುಗ ಇಡೀ ತಾಲೂಕಿನ ಚಿತ್ರ ಹಾಕಿದರೆ ಗೆರೆ ತಪ್ಪಬಹುದು. ಯಾಕಂದ್ರ ನೀರು ಒಂದು ಮೂಲೆಯಲ್ಲಿ ಚೂರು, ಉಳಿದದ್ದೆಲ್ಲ ನೆಲ. ಚಿಕ್ಕ ಗುಂಪನ್ನು ಓಟ್ಸು ವಿಧಾನ ಸರಿಯಾಗಿ ಗುರುತಿಸುವುದಿಲ್ಲ. ಚಿತ್ರವನ್ನು ತುಂಡು ಮಾಡಿ ನದಿ ಇರುವ ತುಂಡನ್ನೇ ತೆಗೆದುಕೊಂಡರೆ ಗೆರೆ ಸರಿಯಾದ ಜಾಗಕ್ಕೆ ಬರುತ್ತದೆ. ನಾಲ್ಕು ಭಾಗ ಮಾಡುವ ಪ್ರಯೋಗ ಯಾಕೆ ಅಂತ ತಲೆ ಕೆರೆದುಕೊಂಡವನಿಗೆ ಇಲ್ಲಿ ಉತ್ತರ ಸಿಕ್ಕಿತು! ಬಳಿಕ ಕಪ್ಪು ಜಾಗದ ಸುತ್ತ ಗೆರೆ ಹಾಕುವುದು, ಅದು ಪಠ್ಯಕ್ರಮದ 11ನೇ ಪ್ರಯೋಗ. ಜುಲೈನ ನೀರು ಕಳೆದು ಆಗಸ್ಟಿನ ಹೊಸ ನೀರು ಎಷ್ಟು ಚುಕ್ಕಿ ಅಂತ ಎಣಿಸಿದರೆ ಮುಳುಗಿದ ಗುಂಟೆ ಲೆಕ್ಕ ಪರದೆಯ ಮೇಲೆ.

ಇಲ್ಲಿಗೆ ಮುಗಿಸಿದ್ದರೆ ಪೂರ್ತಿ ಅಂಕ. ಆದರೆ ಚಿತ್ರವನ್ನು ಮನೆಗೆ ತಂದು ತಂದೆಗೆ ತೋರಿಸಿದ ಅನ್ನಿ. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿ ಯಾವ ಹೊಲ ಯಾವ ಚುಕ್ಕಿ ಅಂತ ಹೊಂದಿಸಿಯೂ ಬಿಟ್ಟ. ಕಬ್ಬಿನ ಹೊಲಕ್ಕೆ ನೀರು ಬಂದಿದ್ದನ್ನು ಕಣ್ಣಾರೆ ನೋಡಿದ ರೈತ ಈ ಚಿತ್ರ ನೋಡಿದರೆ ಏನಂದಾನು? ಎದೆಮಟ್ಟ ನೀರು ನಿಂತ ಹೊಲ ಇಲ್ಲಿ ಒಣ ನೆಲ ಅಂತ ಬೆಳ್ಳಗೆ ಕೂತಿರುತ್ತದೆ!

ಕಂಪ್ಯೂಟರ್ ಸುಳ್ಳು ಹೇಳಿಲ್ಲ, ಪ್ರೋಗ್ರಾಂ ತಪ್ಪಿಲ್ಲ. ಆಗಸ್ಟ್ ಹೊತ್ತಿಗೆ ಕಬ್ಬು ಆಳೆತ್ತರ ಮೀರಿರುತ್ತದೆ. ಸೆಂಟಿನೆಲ್ಲಿನ ಅಲೆಯ ಉದ್ದ ಐದೂವರೆ ಸೆಂಟಿಮೀಟರ್. ದಟ್ಟ ಗರಿಯೊಳಗೆ ಅದು ಪೂರ್ತಿ ಇಳಿಯುವುದಿಲ್ಲ, ಮೇಲಿನ ಗರಿಗೇ ಬಡಿದು ಹಿಂದಿರುಗುತ್ತದೆ. ಸಂದಿಯಲ್ಲಿ ಇಳಿದದ್ದು ನೀರಿಗೆ ಬಡಿದು, ನೀರಿನಿಂದ ದಂಟಿಗೆ ಬಡಿದು ನೇರ ಉಪಗ್ರಹಕ್ಕೇ ವಾಪಸ್ ಹೋಗುತ್ತದೆ. ಹಾಗಾಗಿ ಕಬ್ಬಿನೊಳಗಿನ ನೀರು ಕಪ್ಪಾಗುವ ಬದಲು ಕೆಲವೊಮ್ಮೆ ಮೊದಲಿಗಿಂತ ಬೆಳ್ಳಗೆ ಕಾಣುತ್ತದೆ. ಬಯಲು ಹೊಲದವನ ನೀರು ಲೆಕ್ಕಕ್ಕೆ ಬಂತು, ಕಬ್ಬಿನವನದು ಬರಲಿಲ್ಲ. ಕಬ್ಬೇ ಪ್ರಧಾನವಾದ ತಾಲೂಕಿನಲ್ಲಿ ಇದು ಸಣ್ಣ ತಪ್ಪಲ್ಲ.

ಇನ್ನೂ ಇದೆ. ನುಣುಪು ಡಾಂಬರು ರಸ್ತೆ ಕೂಡ ಕಪ್ಪಗೆ ಕಂಡು ನೀರಿನ ಲೆಕ್ಕಕ್ಕೆ ಸೇರಬಹುದು. ಗಾಳಿಗೆ ನದಿಯ ಮೇಲೆ ತೆರೆ ಎದ್ದರೆ ನೀರೇ ನೆಲದಂತೆ ಕಾಣಬಹುದು. ಒಂದು ಉಪಗ್ರಹ ಅದೇ ದಾರಿಗೆ ಮರಳಲು 12 ದಿನ. ಆ ನಡುವೆ ನೀರು ಏರಿ ಇಳಿದು ಹೋದರೆ ಚಿತ್ರದಲ್ಲಿ ಮಹಾಪೂರವೇ ಬಂದಿಲ್ಲ!

ಸರ್ಕಾರದ ಪರಿಹಾರ ಬರೀ ಉಪಗ್ರಹ ನೋಡಿ ಕೊಡುವುದಿಲ್ಲ, ಅಷ್ಟು ಸಮಾಧಾನ. ಕಂದಾಯ, ಕೃಷಿ, ತೋಟಗಾರಿಕೆಯವರು ಕೂಡಿ ಸಮೀಕ್ಷೆ ಮಾಡುತ್ತಾರೆ. ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾಗಿರಬೇಕು, ಒಬ್ಬರಿಗೆ ಎರಡು ಹೆಕ್ಟೇರ್ ಮಿತಿ. ಚುಕ್ಕಿ ಲೆಕ್ಕದಲ್ಲಿ ಇನ್ನೂರು. ಆದರೆ ಮಹಾಪೂರ ಬಂದಾಗಲೆಲ್ಲ ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದವರು ಉಪಗ್ರಹದ ನಕ್ಷೆ ಮಾಡಿ ಕಳಿಸುತ್ತಾರೆ. ಬರದ ವಿಷಯದಲ್ಲಂತೂ 2016ರ ಕೇಂದ್ರದ ಕೈಪಿಡಿ ಉಪಗ್ರಹ ಅಳೆದ ಬೆಳೆಯ ಹಸಿರನ್ನೇ ಒಂದು ಮಾನದಂಡ ಮಾಡಿದೆ. ಬೆಂಗಳೂರಿನಲ್ಲಿ 1986ರಿಂದ ರಾಜ್ಯದ್ದೇ ಒಂದು ದೂರ ಸಂವೇದಿ ಕೇಂದ್ರವೂ ಇದೆ. ಅಲ್ಲಿಯ ಪರಿಣತರಿಗೆ ಕಬ್ಬಿನ ಈ ತೊಡಕು ಗೊತ್ತಿಲ್ಲ ಅಂತಲ್ಲ. ಆದರೆ ಯಾವ ಸರ್ವೆ ನಂಬರಿನ ಕಬ್ಬಿನಲ್ಲಿ ಎಷ್ಟು ದಿನ ನೀರು ನಿಂತಿತ್ತು ಎಂಬುದು ಅಲ್ಲಿ ಕೂತವರಿಗೆ ಗೊತ್ತಾಗುವ ಮಾತಲ್ಲ. ಅದಕ್ಕೆ ಮೊಣಕಾಲು ಮಟ್ಟ ರಾಡಿಯಲ್ಲಿ ಇಳಿದು, ಬದುವಿನ ಮೇಲೆ ನಿಂತು, ಮೊಬೈಲಿನಲ್ಲಿ ಜಾಗ ಗುರುತು ಹಾಕಿಕೊಂಡು ಬರಬೇಕು. ಚುಕ್ಕಿ ಎಣಿಸಲು ಬಲ್ಲವನೂ ಆಗಿರಬೇಕು, ಹೊಲದ ದಾರಿ ಬಲ್ಲವನೂ ಆಗಿರಬೇಕು. ಅಂಥವರು ಈ ತಾಲೂಕಿನಿಂದ ದಿನಾ ಬಸ್ಸು ರೈಲು ಹತ್ತುತ್ತಿದ್ದಾರೆ.

ಅಂಥ ಹುಡುಗ ತನ್ನ ರೆಕಾರ್ಡಿನಲ್ಲಿ ಏನು ಬರೆಯಬೇಕು? ಪುಸ್ತಕದಲ್ಲಿ ಉದ್ದೇಶಕ್ಕೆ ಜಾಗ ಇದೆ, ಪ್ರೋಗ್ರಾಂಗೆ ಇದೆ, ಔಟ್‌ಪುಟ್ ಅಂಟಿಸಲು ಇದೆ. ಕೊನೆಯಲ್ಲಿ 'ಫಲಿತಾಂಶ' ಅಂತ ಒಂದು ಸಾಲು, ಅಲ್ಲಿ 'ಯಶಸ್ವಿಯಾಗಿ ನಡೆಯಿತು' ಎಂದು ಬರೆಯುವುದು ವಾಡಿಕೆ. 'ಕಬ್ಬಿನ ಹೊಲದ ನೀರು ಸಿಗಲಿಲ್ಲ, ಹೊಲಕ್ಕೆ ಹೋಗಿ ನೋಡಿ ಬಂದೆ, ಇಷ್ಟು ಚುಕ್ಕಿ ತಪ್ಪು' ಎಂದು ಬರೆದರೆ ಆ ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ, ಹಾಳೆಯ ಹಿಂಬದಿಗೆ ಹೋಗಬೇಕು. ಸಹಿ ಹಾಕುವ ಮಾಸ್ತರರು ಹಾಳೆ ತಿರುವಿ ನೋಡುತ್ತಾರೋ ಇಲ್ಲವೋ ಎಂಬುದರ ಮೇಲೆ ಅವನ ಅಂಕ.